ಅಳಿವೆಯ ಬಾರ್

"ದಿ ವೆಸೆಲ್ ಗ್ರೌಂಡೆಡ್ ಆನ್ ದಿ ಬಾರ್ ವೈಲ್ ಕ್ರಾಸಿಂಗ್ ಅಟ್ ಲೋ ವಾಟರ್."

ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈ ಸಾಲು ಇದೆ. ಬರೆದು ಹತ್ತೊಂಬತ್ತು ವರ್ಷ ಆಯಿತು. ಕಡಲ ಗಾಳಿಗೆ ಪುಟ ಹಳದಿಯಾಗಿದೆ, ಅಕ್ಷರ ಮಾಸಿದೆ. ಆದರೂ ಆ ಪುಟ ತೆಗೆದಾಗೆಲ್ಲ ಆ ದಿನ ಕಣ್ಣೆದುರು ಬರುತ್ತದೆ.

ಹೊನ್ನಾವರದ ಕೋರ್ಟಿನ ಹತ್ತಿರ ನಮ್ಮ ಟೈಪಿಂಗ್ ಅಂಗಡಿ. ಅರ್ಜಿ, ಅಫಿಡವಿಟ್ಟು, ಬಾಡಿಗೆ ಅಗ್ರಿಮೆಂಟು, ಮದುವೆ ಬಯೋಡೇಟಾ, ಮನೆ ಕಟ್ಟುವ ಎಸ್ಟಿಮೇಟು ಎಲ್ಲ ಬರುತ್ತದೆ. ಇಂಗ್ಲಿಷಿನಲ್ಲಿ ಬಂದ ಕಾಗದವನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸವೂ ಇದೆ. ನಾನು ಅಲ್ಲಿ ಕೆಲಸಕ್ಕೆ ಸೇರಿದ ವರ್ಷ ನನಗೆ ಇಪ್ಪತ್ಮೂರು. ಕನ್ನಡ ಮಾಧ್ಯಮದಲ್ಲಿ ಓದಿದವಳು. ಟೈಪಿಂಗ್ ಚೆನ್ನಾಗಿ ಬರುತ್ತಿತ್ತು. ಇಂಗ್ಲಿಷ್ ಅಂದರೆ ನಿಘಂಟು ನೋಡಿ ಮಾಡುವುದು ಅಂತ ತಿಳಿದಿದ್ದೆ.

ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದು ದೋಣಿಗಳು ಕಡಲಿಗೆ ಇಳಿದಿದ್ದ ಸಮಯ. ಒಬ್ಬ ವಯಸ್ಸಾದ ತಾಂಡೇಲರು, ಅಂದರೆ ದೋಣಿ ನಡೆಸುವವರು, ಮಗನ ಜೊತೆ ಬಂದರು. ಅವರ ದೋಣಿ ಒಡೆದಿತ್ತು. ಜೀವಕ್ಕೆ ಏನೂ ಆಗಿರಲಿಲ್ಲ, ಆದರೆ ಇಂಜಿನ್ನು, ಬಲೆ ಎಲ್ಲ ಹೋಗಿತ್ತು. ವಿಮೆ ಕಂಪನಿಯಿಂದ ಬಂದ ನಾಲ್ಕು ಪುಟದ ವರದಿ ಅವರ ಕೈಯಲ್ಲಿತ್ತು. ಪೂರಾ ಇಂಗ್ಲಿಷ್. "ಎಂತ ಬರ್ದಿದಾರೆ ಅಂತ ಕನ್ನಡದಲ್ಲಿ ಮಾಡಿಕೊಡು ತಂಗಿ. ಇದಕ್ಕೆ ಉತ್ತರ ಕೊಡಬೇಕಂತೆ" ಅಂದರು.

ಎರಡನೇ ಪುಟದಲ್ಲಿ ಈ ಸಾಲು ಬಂತು. ವೆಸೆಲ್ ಅಂದರೆ ಹಡಗು ಅಥವಾ ಪಾತ್ರೆ. ದೋಣಿ ಅಂತ ಮಾಡಿಕೊಂಡೆ. ಬಾರ್ ನೋಡಿದೆ. ನಿಘಂಟಿನಲ್ಲಿ ಅರ್ಧ ಪುಟ ಇತ್ತು. ಸಲಾಕೆ, ಸರಳು, ಅಗುಳಿ, ಅಡ್ಡಪಟ್ಟಿ, ತಡೆ, ವಕೀಲ ವರ್ಗ, ಪಾನಗೃಹ. ದೋಣಿ ಹೋಗಿ ಪಾನಗೃಹಕ್ಕೆ ತಾಗುವುದಿಲ್ಲ, ವಕೀಲರಿಗೂ ತಾಗುವುದಿಲ್ಲ. ಉಳಿದದ್ದರಲ್ಲಿ ಅಡ್ಡಪಟ್ಟಿ ಸರಿ ಅನ್ನಿಸಿತು. ಹೀಗೆ ಟೈಪ್ ಮಾಡಿದೆ: "ಕಡಿಮೆ ನೀರಿನಲ್ಲಿ ದಾಟುತ್ತಿರುವಾಗ ದೋಣಿಯು ಅಡ್ಡಪಟ್ಟಿಗೆ ಬಡಿಯಿತು."

ತಾಂಡೇಲರಿಗೆ ಓದು ಬರುತ್ತಿರಲಿಲ್ಲ. ಮಗನಿಗೆ ಕನ್ನಡಕ ಬೇಕಿತ್ತು, ತಂದಿರಲಿಲ್ಲ. ಹಾಗಾಗಿ ನಾನೇ ಓದಿ ಹೇಳಿದೆ. ಆ ಸಾಲಿಗೆ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು.

"ಯಾವ ಪಟ್ಟಿ ತಂಗಿ? ಅಲ್ಲಿ ಪಟ್ಟಿ ಎಲ್ಲಿಂದ ಬಂತು? ನಮ್ಮ ದೋಣಿ ಯಾವ ಪಟ್ಟಿಗೂ ಬಡಿಲಿಲ್ಲ. ಅಳಿವೆಯಲ್ಲಿ ಮರಳು ಹತ್ತಿತು. ತಳ ತಾಗಿ ನಿಂತಿತು, ಆಮೇಲೆ ತೆರೆ ಬಂದು ಅಡ್ಡ ಮಗುಚಿತು."

ನಾನು ಸುಮ್ನೆ ಕೂತೆ. ನಮ್ಮಪ್ಪನೂ ತಾಂಡೇಲರು. ನಾನು ಹುಟ್ಟಿದ್ದು ಬೆಳೆದದ್ದು ಶರಾವತಿಯ ದಡದಲ್ಲಿ. ಆ ಮರಳನ್ನು, ಅದರ ಮೇಲೆ ಮುರಿಯುವ ತೆರೆಯನ್ನು ದಿನಾ ನೋಡಿದವಳು. ಕಾಗದದ ಮೇಲೆ ಆ ಮೂರಕ್ಷರದ ಇಂಗ್ಲಿಷ್ ಪದ ಬಂದಾಗ ಅದು ಇದೇ ಅಂತ ನನಗೆ ಹೊಳೆಯಲೇ ಇಲ್ಲ.

ನದಿ ಕಡಲು ಸೇರುವ ಜಾಗಕ್ಕೆ ಅಳಿವೆ ಅನ್ನುತ್ತೇವೆ. ಮಾತಿನಲ್ಲಿ ಅಳವೆ ಅನ್ನುವವರೇ ಜಾಸ್ತಿ. ನದಿ ಮೇಲಿನಿಂದ ಮರಳು, ಮಣ್ಣು ಹೊತ್ತು ತರುತ್ತದೆ. ಕಡಲಿನ ಹತ್ತಿರ ಬರುತ್ತಾ ಅದರ ಓಟ ಸಣ್ಣದಾಗುತ್ತದೆ. ಎದುರಿನಿಂದ ಕಡಲಿನ ತೆರೆ ಬೇರೆ ತಳ್ಳುತ್ತದೆ. ಹೊತ್ತು ತಂದದ್ದು ಅಲ್ಲೇ ಕೆಳಗೆ ಕೂರುತ್ತದೆ. ಕಡಲೂ ತನ್ನ ಪಾಲಿನ ಮರಳು ತಂದು ಸೇರಿಸುತ್ತದೆ. ಹೀಗೆ ನದಿಯ ಬಾಯಿಗೆ ಅಡ್ಡವಾಗಿ, ನೀರಿನ ಒಳಗೆ, ಉದ್ದಕ್ಕೆ ಒಂದು ಮರಳಿನ ಏರು ಬೆಳೆಯುತ್ತದೆ. ಇಂಗ್ಲಿಷಿನಲ್ಲಿ ಬಾರ್ ಅನ್ನುವುದು ಇದಕ್ಕೆ. ಒಂದೇ ಕಡೆ ಇರುವುದೂ ಇಲ್ಲ. ಒಂದು ಮಳೆಗಾಲ ಕಳೆದರೆ ದೋಣಿ ಹೋಗುವ ದಾರಿಯೇ ಬದಲಾಗಿರುತ್ತದೆ. ಹೋದ ವರ್ಷ ಆಳ ಇದ್ದಲ್ಲಿ ಈ ವರ್ಷ ಸೊಂಟದ ನೀರು.

ಇಳಿತದ ಹೊತ್ತಿಗೆ ಅದು ಜಾಸ್ತಿ ಕೆಟ್ಟದ್ದು. ನೀರು ಕಡಿಮೆ ಇರುತ್ತದೆ, ಅದು ಒಂದು. ನದಿಯ ನೀರು ಹೊರಗೆ ಓಡುತ್ತಿರುತ್ತದೆ, ಕಡಲ ತೆರೆ ಒಳಗೆ ಬರುತ್ತಿರುತ್ತದೆ. ಎರಡೂ ಎದುರಾಗುವ ಕಡೆ ತೆರೆ ಗೋಡೆಯ ಹಾಗೆ ಎದ್ದು ನಿಂತು ಮುರಿಯುತ್ತದೆ. ದೂರದಿಂದ ನೋಡಿದರೆ ಒಂದು ಬಿಳಿ ಗೆರೆ ಅಷ್ಟೇ. ನಮ್ಮಪ್ಪ ಅಳಿವೆ ದಾಟುವ ಮೊದಲು ಇಂಜಿನ್ ಸಣ್ಣಗೆ ಮಾಡಿ ಆ ಬಿಳಿ ಗೆರೆಯನ್ನು ನೋಡುತ್ತಾ ನಿಲ್ಲುತ್ತಿದ್ದರು. ತೆರೆ ಎಣಿಸುತ್ತಿದ್ದರು. ದೊಡ್ಡ ತೆರೆಗಳು ಗುಂಪಾಗಿ ಬರುತ್ತವೆ, ಆಮೇಲೆ ಸ್ವಲ್ಪ ಹೊತ್ತು ಬಿಡುವು. ಆ ಬಿಡುವಿನಲ್ಲಿ ಒಂದೇ ಉಸಿರಿಗೆ ದಾಟಬೇಕು. ಒಂದೆರಡು ಸಲ ನಾನೂ ಆ ದೋಣಿಯಲ್ಲಿ ಕೂತಿದ್ದೆ. ಆ ಹೊತ್ತಿಗೆ ಯಾರೂ ಮಾತಾಡುತ್ತಿರಲಿಲ್ಲ.

ಆವತ್ತು ತಾಂಡೇಲರ ಎದುರಿಗೇ ಸಾಲು ಅಳಿಸಿ ಮತ್ತೆ ಬರೆದೆ. "ಅಳಿವೆಯ ಮರಳ ದಿಬ್ಬಕ್ಕೆ" ಅಂದೆ. ಅವರು ಅದಕ್ಕೂ ತಲೆ ಆಡಿಸಿದರು. "ದಿಬ್ಬ ಅಂದ್ರೆ ಮೇಲೆ ಕಾಣ್ತದಲ್ಲ? ಇದು ಕಾಣೂದಿಲ್ಲ. ಕಂಡಿದ್ರೆ ನಾ ಯಾಕೆ ಹೋಗ್ತಿದ್ದೆ?" ಅಂದರು. ಆಗ "ನೀರಿನೊಳಗಿನ ಮರಳ ದಿಬ್ಬ" ಅಂತ ಬರೆದೆ. ಒಪ್ಪಿದರು.

ಅಲ್ಲಿಗೆ ಮುಗಿಯಲಿಲ್ಲ. ಬಾರ್ ಸರಿಯಾದ ಮೇಲೆ ಲೋ ವಾಟರ್ ಅನ್ನುವುದೂ ತಾನಾಗಿ ಸರಿಯಾಯಿತು. ಅದು ಸುಮ್ನೆ ಕಡಿಮೆ ನೀರು ಅಲ್ಲ. ಇಳಿತ. ಅಂದರೆ ವರದಿಯವರು ಹೇಳಿದ್ದು ಇಷ್ಟು: ಇಳಿತದ ಹೊತ್ತಿನಲ್ಲಿ ಅಳಿವೆ ದಾಟಲು ಹೋಗಿ ದೋಣಿ ಕಳೆದುಕೊಂಡರು. ತಪ್ಪು ತಾಂಡೇಲರದ್ದು ಅಂತ ಹೇಳುವ ಸಾಲು ಅದು. ನಾನು ಮೊದಲು ಬರೆದ ಹಾಗೆಯೇ ಬಿಟ್ಟಿದ್ದರೆ ತಮ್ಮ ಮೇಲೆ ಈ ಆರೋಪ ಇದೆ ಅಂತಲೇ ಅವರಿಗೆ ಗೊತ್ತಾಗುತ್ತಿರಲಿಲ್ಲ.

"ಇಳತಕ್ಕೆ? ನಾನು? ಉಬ್ಬರ ತುಂಬಿದ ಮೇಲೇ ಬಿಟ್ಟದ್ದು" ಅಂತ ಅವರು ಎದ್ದೇ ನಿಂತರು. ಮುಖ ಕೆಂಪಾಗಿತ್ತು. ನಲವತ್ತು ವರ್ಷ ಆ ಅಳಿವೆ ದಾಟಿದ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಆಮೇಲೆ ಅವರ ವಕೀಲರು ಭಾರತೀಯ ಸರ್ವೇಕ್ಷಣ ಇಲಾಖೆ ಪ್ರತಿ ವರ್ಷ ತರುವ ಉಬ್ಬರ ಇಳಿತದ ಪಟ್ಟಿಯನ್ನು ತರಿಸಿ, ಆ ದಿನದ ಸಮಯ ತೋರಿಸಿ ಉತ್ತರ ಬರೆದರು. ಟೈಪ್ ಮಾಡಿದ್ದು ನಾನೇ. ಹಣ ಬರಲು ಒಂದೂವರೆ ವರ್ಷ ಹಿಡಿಯಿತು. ಪೂರ್ತಿ ಬರಲಿಲ್ಲ, ಆದರೆ ಬಂತು.

ತಾಂಡೇಲರು ವರದಿ ತಂದ ದಿನ ರಾತ್ರಿಯೇ ನೋಟ್‌ಬುಕ್ ತೆಗೆದು ಮೊದಲ ಪುಟದ ಮೇಲೆ ಆ ಸಾಲು ಬರೆದೆ. ಕೆಳಗೆ ಬಾರ್ ಅಂತ ಬರೆದು ಅಡಿಗೆರೆ ಹಾಕಿದೆ. ಆಮೇಲೆ ಈ ಪದ ಎಲ್ಲೆಲ್ಲಿ ಸಿಕ್ಕಿತೋ ಅಲ್ಲೆಲ್ಲ ಪೂರ್ತಿ ವಾಕ್ಯದ ಸಮೇತ ಬರೆದುಕೊಳ್ಳುತ್ತಾ ಬಂದೆ. ಒಂದು ಪುಟ ಸಾಕಾಗಲಿಲ್ಲ, ಈಗ ಹನ್ನೊಂದು ಪುಟ ಆಗಿದೆ.

ಈ ಪದ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ. ಅಲ್ಲಿ ಬಾರ್ ಅಂದರೆ ಬಾಗಿಲು ಭದ್ರ ಮಾಡಲು ಅಡ್ಡ ಹಾಕುವ ಮರ. ಇದನ್ನು ಓದಿದ ದಿನ ನನಗೆ ಅಜ್ಜಿಮನೆ ನೆನಪಾಯಿತು. ಅಲ್ಲಿ ಮುಂಬಾಗಿಲಿಗೆ ಚಿಲಕ ಇದ್ದರೂ ರಾತ್ರಿ ಮಲಗುವ ಮೊದಲು ಅಜ್ಜಿ ಒಂದು ಉದ್ದದ ಮರದ ತುಂಡನ್ನು ಗೋಡೆಯ ತೂತಿನಿಂದ ಎಳೆದು ಬಾಗಿಲಿಗೆ ಅಡ್ಡ ಕೊಡುತ್ತಿದ್ದಳು. ಅಗುಳಿ. ಅದು ಗೋಡೆಯೊಳಗೆ ಸರಿಯುವ ಗರಗರ ಸದ್ದು ಕೇಳಿದ ಮೇಲೇ ನಮಗೆ ನಿದ್ದೆ. ಆ ಅಗುಳಿಯೇ ಬಾರ್. ಉದ್ದ ಇರಬೇಕು, ಅಡ್ಡ ಇರಬೇಕು, ತಡೆಯಬೇಕು. ಮೊದಲ ಅರ್ಥದಲ್ಲಿ ಈ ಮೂರೂ ಒಟ್ಟಿಗೆ ಇವೆ. ಆಮೇಲೆ ಹುಟ್ಟಿದ ಅರ್ಥಗಳು ಇವುಗಳಲ್ಲಿ ಒಂದನ್ನೋ ಎರಡನ್ನೋ ಎತ್ತಿಕೊಂಡು ಹೋದವು. ಬ್ಯಾರಿಯರ್, ಬ್ಯಾರಿಸ್ಟರ್, ಎಂಬಾರ್ಗೊ ಕೂಡ ಇದೇ ಮನೆಯವು.

ಉದ್ದ ಮಾತ್ರ ಉಳಿದದ್ದು ಕಬ್ಬಿಣದಲ್ಲಿ, ಸೋಪಿನಲ್ಲಿ. ನಮ್ಮಲ್ಲಿ ಎಸ್ಟಿಮೇಟು ಮಾಡಿಸುವ ಕಂಟ್ರಾಕ್ಟರುಗಳು ಬಾರ್ ಬೆಂಡಿಂಗ್ ಅಂತ ಒಂದು ಪಟ್ಟಿ ಕೊಡುತ್ತಾರೆ. 8 ಮಿಲಿಮೀಟರ್, 10, 12, 16, ಯಾವುದು ಎಷ್ಟು ಉದ್ದ, ಎಲ್ಲಿ ಬಾಗಿಸಬೇಕು ಅಂತ. ಕೆಲಸದವರ ಬಾಯಲ್ಲಿ ಅದು ಕಂಬಿ ಕಟ್ಟುವುದು. ಜೈಲಿನದ್ದೂ ಕಂಬಿಯೇ. ಇಂಗ್ಲಿಷಿನವರು ಬಿಹೈಂಡ್ ಬಾರ್ಸ್ ಅನ್ನುತ್ತಾರೆ, ಯಾವಾಗಲೂ ಬಹುವಚನ, ಮುಂದೆ ದಿ ಇಲ್ಲ. ನಾವು ಕಂಬಿ ಎಣಿಸುತ್ತಿದ್ದಾನೆ ಅನ್ನುತ್ತೇವೆ. ನಮ್ಮದರಲ್ಲಿ ಒಳಗೆ ಕೂತವನ ಹೊತ್ತು ಹೋಗದ ಸಂಕಟವೂ ಇದೆ. ನನಗೆ ನಮ್ಮದೇ ಹೆಚ್ಚು ಇಷ್ಟ.

ಸೋಪಿನಿಂದ ನಾನು ಒಂದು ವ್ಯಾಕರಣ ಕಲಿತೆ. ನಾನು ಸಣ್ಣವಳಿದ್ದಾಗ ಬಟ್ಟೆ ಸೋಪು ಉದ್ದ ಬಾರ್ ಆಗಿ ಬರುತ್ತಿತ್ತು. 501 ಬಾರ್ ಸೋಪು ಅಂದರೆ ಎಲ್ಲರಿಗೂ ಗೊತ್ತು. ಅಂಗಡಿಯವರು ಬೇಕಾದಷ್ಟು ತುಂಡು ಮಾಡಿ ಕೊಡುತ್ತಿದ್ದರು. ಟೂ ಸೋಪ್ಸ್ ಅಂತ ನಾನು ಎಷ್ಟೋ ಕಾಗದದಲ್ಲಿ ಟೈಪ್ ಮಾಡಿದ್ದೇನೆ. ಇಂಗ್ಲಿಷಿನಲ್ಲಿ ಸೋಪು ಎಣಿಸುವ ವಸ್ತು ಅಲ್ಲ, ನೀರು, ಅಕ್ಕಿಯ ಹಾಗೆ. ಎಣಿಸುವುದು ಬಾರನ್ನು. ಟೂ ಬಾರ್ಸ್ ಆಫ್ ಸೋಪ್ ಅನ್ನಬೇಕು. ಚಾಕಲೇಟಿಗೂ ಹಾಗೆಯೇ, ಚಿನ್ನಕ್ಕೂ ಹಾಗೆಯೇ. ಇದು ನಮಗೆ ಹೊಸದೇನಲ್ಲ. ಹರಿವೆ ಸೊಪ್ಪಿಗೆ ಸೂಡಿ, ಬಾಳೆಗೆ ಗೊನೆ, ಅಡಿಕೆಗೆ ಕೊನೆ, ಬೆಲ್ಲಕ್ಕೆ ಅಚ್ಚು. ಸಂತೆಗೆ ಹೋದವರು ಯಾರೂ ಎರಡು ಹರಿವೆ ಕೊಡಿ ಅನ್ನುವುದಿಲ್ಲ, ಅಲ್ವಾ? ಹೀಗೆ ಯೋಚಿಸಿದ ಮೇಲೆ ನನಗೆ ಆ ತಪ್ಪು ಮತ್ತೆ ಆಗಲಿಲ್ಲ.

ಅಡ್ಡ ಮತ್ತು ತಡೆ ಉಳಿದದ್ದು ಕೋರ್ಟಿನಲ್ಲಿ. ಇದು ನನ್ನ ದಿನದ ಜಗತ್ತು, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಇಂಗ್ಲೆಂಡಿನ ಹಳೆಯ ಕೋರ್ಟುಗಳಲ್ಲಿ ನ್ಯಾಯಾಧೀಶರು ಕೂರುವ ಜಾಗಕ್ಕೂ ಉಳಿದವರ ಜಾಗಕ್ಕೂ ನಡುವೆ ಒಂದು ಅಡ್ಡ ಮರ ಇರುತ್ತಿತ್ತು. ಲಂಡನ್ನಿನಲ್ಲಿ ಕಾನೂನು ಕಲಿಸುವ, ಇನ್ ಅನ್ನುವ ಸಂಸ್ಥೆಗಳಲ್ಲೂ ಅಂಥದ್ದೇ ಇತ್ತು. ಓದು ಮುಗಿಸಿದವರನ್ನು ಆ ಮರದ ಹತ್ತಿರಕ್ಕೆ ಕರೆಯುತ್ತಿದ್ದರು. ಕಾಲ್ಡ್ ಟು ದಿ ಬಾರ್ ಅನ್ನುವುದು ಅಲ್ಲಿಂದ ಬಂತು. ಹಾಗೆ ಕರೆಸಿಕೊಂಡವನು ಬ್ಯಾರಿಸ್ಟರ್. ಆಮೇಲೆ ಮರದ ಹೆಸರೇ ವಕೀಲರೆಲ್ಲರ ಹೆಸರಾಯಿತು. ನ್ಯಾಯಾಧೀಶರು ಕೂರುವ ಆಸನ ಬೆಂಚ್. ಬಾರ್ ಅಂಡ್ ಬೆಂಚ್ ಅಂದರೆ ವಕೀಲರು ಮತ್ತು ನ್ಯಾಯಾಧೀಶರು. ಈ ಅರ್ಥದಲ್ಲಿ ಬರೆಯುವಾಗ ಮುಂದೆ ದಿ ಬೇಕು, ಮೊದಲ ಅಕ್ಷರ ದೊಡ್ಡದು.

ಗಾಂಧೀಜಿಯವರನ್ನು ಲಂಡನ್ನಿನ ಇನ್ನರ್ ಟೆಂಪಲ್ ಅನ್ನುವ ಇನ್‌ನಲ್ಲಿ ಬಾರಿಗೆ ಕರೆದದ್ದು 1891ರ ಜೂನ್ 10ರಂದು. ರಾಜದ್ರೋಹದ ಕೇಸಿನಲ್ಲಿ ಶಿಕ್ಷೆಯಾದ ಮೇಲೆ 1922ರಲ್ಲಿ ಅವರ ಹೆಸರನ್ನು ತೆಗೆದುಹಾಕಿದರು. ಅದಕ್ಕೆ ಡಿಸ್‌ಬಾರ್ ಅನ್ನುತ್ತಾರೆ. 1988ರಲ್ಲಿ, ಅವರು ತೀರಿಕೊಂಡು ನಲವತ್ತು ವರ್ಷದ ಮೇಲೆ, ಅದೇ ಸಂಸ್ಥೆ ಅವರ ಹೆಸರನ್ನು ಮತ್ತೆ ಸೇರಿಸಿಕೊಂಡಿತು. ಇದನ್ನು ಬರೆದುಕೊಂಡ ಪುಟದಲ್ಲಿ ನಾನು ಬೇರೆ ಏನೂ ಬರೆದಿಲ್ಲ.

ನಮ್ಮ ಪಕ್ಕದ ಮನೆಯ ಹುಡುಗಿ ಕಾನೂನು ಓದಿದಳು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ಅವಳು. ಭಾರತೀಯ ವಕೀಲರ ಪರಿಷತ್ತು 2010ರಲ್ಲಿ ಜಾರಿಗೆ ತಂದ ಅಖಿಲ ಭಾರತ ಬಾರ್ ಪರೀಕ್ಷೆಗೆ ಕೂರಲು ಹೊರಟಾಗ ಅವಳ ಅಜ್ಜಿ ಎರಡು ದಿನ ಮಾತು ಬಿಟ್ಟರು. ಅವರ ಗಂಡ ಕುಡಿದು ಕುಡಿದೇ ಹೋದವರು. ಬಾರ್ ಅನ್ನುವ ಪದ ಆ ಮನೆಯಲ್ಲಿ ಯಾರೂ ಬಾಯಿಗೆ ತರುತ್ತಿರಲಿಲ್ಲ. ಹುಡುಗಿ ಅಳುತ್ತಾ ನನ್ನ ಹತ್ತಿರ ಬಂದಳು. ನಾನು ಹೋಗಿ ಅಜ್ಜಿಯ ಪಕ್ಕ ಕೂತು, ಅಗುಳಿಯಿಂದ ಶುರು ಮಾಡಿ ಹೇಳಿದೆ. ಅಡ್ಡ ಮರದ ಒಳಗೆ ನ್ಯಾಯಾಧೀಶರು, ಆ ಮರದ ಹತ್ತಿರ ನಿಂತು ಮಾತಾಡುವ ಹಕ್ಕು ನಿಮ್ಮ ಮೊಮ್ಮಗಳಿಗೆ ಸಿಗುತ್ತದೆ ಅಂದೆ. ಕುಡಿಯುವ ಬಾರೂ ಮೊದಲು ಅದೇ. ಹೆಂಡ ಕೊಡುವವನಿಗೂ ಕುಡಿಯುವವನಿಗೂ ನಡುವೆ ಹಾಕಿದ ಅಡ್ಡ ಹಲಗೆ. ಹಲಗೆಯ ಹೆಸರು ಅಂಗಡಿಗೆ ಬಂತು. ಇವೆರಡೂ ಒಂದೇ ಪದ, ಆದರೆ ಬೇರೆ ಬೇರೆ ಮರ ಅಂದೆ. ಅಜ್ಜಿ ತುಂಬ ಹೊತ್ತು ಸುಮ್ಮನಿದ್ದು, "ನಿಂತು ಮಾತಾಡೂ ಮರ ಅಂತೀಯಾ" ಅಂದರು. ಪರೀಕ್ಷೆಯ ದಿನ ಹುಡುಗಿಗೆ ಅವರೇ ಹೂ ಮುಡಿಸಿ ಕಳಿಸಿದರು.

ಕೋರ್ಟಿನಲ್ಲಿ ಇನ್ನೊಂದು ಇದೆ. ಟೈಮ್ ಬಾರ್. ಇದು ನಮ್ಮ ಕಡೆ ಹಳ್ಳಿಯವರಿಗೂ ಗೊತ್ತಿರುವ ಮಾತು. ಪ್ರಾಮಿಸರಿ ನೋಟು ಬರೆಸಿಕೊಂಡು ಸಾಲ ಕೊಟ್ಟಿರುತ್ತಾರೆ. ನೆಂಟರು ಅಂತ ಕೇಳುವುದಿಲ್ಲ. ಮೂರು ವರ್ಷ ಕಳೆಯುತ್ತದೆ. ಆಮೇಲೆ ದಾವೆ ಹಾಕಲು ಬಂದರೆ 1963ರ ಕಾಲಮಿತಿ ಕಾಯ್ದೆ ಬಾಗಿಲಿಗೆ ಅಗುಳಿ ಹಾಕಿರುತ್ತದೆ. ನೋಟು ಟೈಮ್ ಬಾರ್ ಆಗಿದೆ ಅಂತ ವಕೀಲರು ಹೇಳಿದಾಗ ಅವರ ಮುಖ ನೋಡಲು ಆಗುವುದಿಲ್ಲ. ಮಗಳ ಮದುವೆಗೆ ಅಂತ ಎತ್ತಿಟ್ಟ ಹಣ ಅದು. ಈಗ ನೋಟು ಟೈಪ್ ಮಾಡಿಸಲು ಬಂದವರಿಗೆಲ್ಲ ನಾನು ತಾರೀಖನ್ನು ಕ್ಯಾಲೆಂಡರಿನ ಹಿಂದೆ ಬರೆದಿಡಿ ಅಂತ ಹೇಳಿಯೇ ಕಳಿಸುತ್ತೇನೆ.

ಒಂದು ಬಾರ್ ಮಾತ್ರ ನನ್ನನ್ನು ತುಂಬ ವರ್ಷ ದಾರಿ ತಪ್ಪಿಸಿತು. ಶಾಲೆಯ ಭೂಗೋಳದಲ್ಲಿ ಗಾಳಿಯ ಒತ್ತಡಕ್ಕೆ ಮಿಲಿಬಾರ್ ಇತ್ತು. ಒಂದೇ ಒತ್ತಡ ಇರುವ ಜಾಗಗಳನ್ನು ಸೇರಿಸುವ ಗೆರೆಗೆ ಇಂಗ್ಲಿಷಿನಲ್ಲಿ ಐಸೋಬಾರ್, ಕನ್ನಡದಲ್ಲಿ ಸಮಭಾರ ರೇಖೆ. ಬಾರ್ ಅಂದರೆ ಭಾರ. ಎಷ್ಟು ಚೆನ್ನಾಗಿ ಕೂಡುತ್ತದೆ ಅಂದುಕೊಂಡು ನೋಟ್‌ಬುಕ್ಕಿನಲ್ಲಿ ಅದನ್ನೂ ಅಗುಳಿಯ ಮನೆಗೇ ಸೇರಿಸಿದ್ದೆ.

ಅಕ್ಕನ ಮಗ ಮುರುಡೇಶ್ವರದಲ್ಲಿ ಸೀಸನ್ನಿಗೆ ಕೆಲಸ ಮಾಡುತ್ತಾನೆ. ಜನರನ್ನು ನೇತ್ರಾಣಿ ದ್ವೀಪಕ್ಕೆ ಕರೆದುಕೊಂಡು ಹೋಗಿ ನೀರಿನೊಳಗೆ ಮುಳುಗಿಸಿ ಹವಳ, ಮೀನು ತೋರಿಸುವ ಬೋಟಿನಲ್ಲಿ. ಒಮ್ಮೆ ಅವನ ಗಾಳಿ ಸಿಲಿಂಡರಿನ ಗಡಿಯಾರದಂಥ ಮೀಟರ್ ತೋರಿಸಿದ. ಅದರ ಮೇಲೆ ಬಾರ್ ಅಂತ ಬರೆದಿತ್ತು.

"ಹೊರಡುವಾಗ 200 ಬಾರ್ ಇರ್ತದೆ ಚಿಕ್ಕಮ್ಮ. 50ಕ್ಕೆ ಬರೂದರೊಳಗೆ ಮೇಲೆ ಬಂದಿರಬೇಕು" ಅಂದ.

ನಾವು ದಡದಲ್ಲಿ ನಿಂತಾಗ ಗಾಳಿ ನಮ್ಮನ್ನು ಒತ್ತುವುದು ಸುಮಾರು ಒಂದು ಬಾರ್. ಲೆಕ್ಕ ಹಾಕಿದರೆ 1013 ಮಿಲಿಬಾರ್. ಸಮುದ್ರದಲ್ಲಿ ಪ್ರತಿ 10 ಮೀಟರ್ ಕೆಳಗೆ ಹೋದರೆ ಇನ್ನೊಂದು ಬಾರ್ ಸೇರುತ್ತದೆ. 20 ಮೀಟರ್ ಕೆಳಗೆ ಒಟ್ಟು ಮೂರು. ಕೆಳಗೆ ಹೋದಷ್ಟೂ ಒಂದೊಂದು ಉಸಿರಿಗೂ ಸಿಲಿಂಡರಿನ ಗಾಳಿ ಹೆಚ್ಚು ಖರ್ಚಾಗುತ್ತದೆ. ಅವನು ಇದನ್ನೆಲ್ಲ ಮೀನು ಸಾರಿನ ಊಟ ಮಾಡುತ್ತಾ ಹೇಳಿದ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಹೋದಾಗ ಟೀವಿಯಲ್ಲಿ ಹೇಳುತ್ತಿದ್ದ ಹೆಕ್ಟೋಪಾಸ್ಕಲ್ ಕೂಡ ಮಿಲಿಬಾರೇ, ಹೆಸರು ಬೇರೆ, ಅಂಕಿ ಒಂದೇ ಅಂತಲೂ ಅವನಿಂದಲೇ ಗೊತ್ತಾದದ್ದು.

ಆ ಮೇಲೆ ಈ ಬಾರಿನ ಮೂಲ ಹುಡುಕಿದೆ. ಅದು ಫ್ರೆಂಚಿನ ಅಗುಳಿ ಅಲ್ಲವೇ ಅಲ್ಲ. ಗ್ರೀಕಿನ ಬಾರೋಸ್. ತೂಕ ಅಂತ ಅರ್ಥ. ಬ್ಯಾರೋಮೀಟರಿನಲ್ಲಿ ಇರುವುದೂ ಅದೇ. ಅರ್ಥ ಭಾರವೇ ಆದರೂ, ಪದದ ಸಂಬಂಧ ನಮ್ಮ ಭಾರದ ಜೊತೆ ಅಲ್ಲ. ಸಂಸ್ಕೃತದಲ್ಲಿ ಅದರ ಒಡಹುಟ್ಟು ಗುರು. ಗುರು ಅಂದರೆ ತೂಕದ್ದು, ಗುರುತ್ವಾಕರ್ಷಣೆಯ ಗುರು. ಭಾರದ ಒಡಹುಟ್ಟು ಇಂಗ್ಲಿಷಿನ ಬೇರ್, ಹೊರು ಅನ್ನುವ ಅರ್ಥದ್ದು. ಮುಖ ಒಂದೇ ಥರ ಕಂಡವರು ನೆಂಟರಲ್ಲ, ಎಲ್ಲೋ ದೂರ ಇದ್ದವರು ನೆಂಟರು. ಇದು ಗೊತ್ತಾದ ದಿನ ನನಗೆ ಆದ ಖುಷಿ ಹೇಳಲು ಬರುವುದಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಎದ್ದು ಹಳೆಯದನ್ನು ಹೊಡೆದುಹಾಕಿ ಹೊಸ ಪುಟದಲ್ಲಿ ಬರೆದೆ.

ಎತ್ತರ ಜಿಗಿತದ ಕೋಲು, ಮೊಬೈಲಿನ ಸಿಗ್ನಲ್ ಕಡ್ಡಿ, ಗಣಿತದ ಸ್ತಂಭಾಲೇಖ, ಬಿಸ್ಕತ್ತು ಪ್ಯಾಕಿನ ಹಿಂದಿನ ಕಪ್ಪು ಗೆರೆಗಳು, ಇವೆಲ್ಲವೂ ಬಾರ್. ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲು ಇವೆ.

ನನಗೆ ಬಾರ್ ಪೂರ್ತಿ ಕೈಗೆ ಸಿಕ್ಕಿದ್ದು ಮಾತ್ರ ಮದುವೆ ಬಯೋಡೇಟಾದಿಂದ. ಒಬ್ಬರು ಮಗನಿಗೆ ಹೆಣ್ಣು ನೋಡುತ್ತಿದ್ದರು. ಪೇಪರಿಗೆ ಕೊಡಲು ಇಂಗ್ಲಿಷಿನಲ್ಲಿ ಬರೆಸಿದ್ದನ್ನು ತಂದು, ಇದೇ ಕನ್ನಡದಲ್ಲೂ ಬೇಕು ಅಂದರು. ಕೊನೆಯಲ್ಲಿ ಕಾಸ್ಟ್ ನೋ ಬಾರ್ ಅಂತ ಇತ್ತು. ಜಾತಿ ನಿರ್ಬಂಧವಿಲ್ಲ ಅಂತ ಬರೆಯುವುದು ರೂಢಿ. ನಾನು ಹಾಗೇ ಬರೆದೆ. ಪಕ್ಕದಲ್ಲಿ ಕೂತಿದ್ದ ಶಿರಸಿ ಕಡೆಯ ವಕೀಲರೊಬ್ಬರು ಅಷ್ಟರಲ್ಲಿ ಫೋನಿನಲ್ಲಿ ಯಾರಿಗೋ "ಅಡ್ಡಿಲ್ಲೆ, ಅಡ್ಡಿಲ್ಲೆ" ಅನ್ನುತ್ತಿದ್ದರು. ಘಟ್ಟದ ಮೇಲೆ ಹವ್ಯಕರ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು ಅದು. ಪರವಾಗಿಲ್ಲ, ಆಗಬಹುದು ಅಂತ. ಅಡ್ಡಿ ಇಲ್ಲ. ನೋ ಬಾರ್. ಅಕ್ಷರಕ್ಕೆ ಅಕ್ಷರ ಅದೇ!

ಟೈಪ್ ಮಾಡುವುದು ಬಿಟ್ಟು ನೋಟ್‌ಬುಕ್ ತೆಗೆದೆ. ಅಗುಳಿ ಬಾಗಿಲಿಗೆ ಅಡ್ಡ. ಕೋರ್ಟಿನ ಮರ ಅಡ್ಡ. ಹೆಂಡದ ಅಂಗಡಿಯ ಹಲಗೆ ಅಡ್ಡ. ಕಾಲಮಿತಿ ದಾವೆಗೆ ಅಡ್ಡಿ. ಮರಳು ನದಿಯ ಬಾಯಿಗೆ ಅಡ್ಡ. ಇಂಗ್ಲಿಷಿನವರು ಬಾರ್ ಅಂದಲ್ಲೆಲ್ಲ ನಮ್ಮಲ್ಲಿ ಅಡ್ಡ ಅನ್ನುವುದು ಮೊದಲಿಂದ ಕೂತೇ ಇತ್ತು. ಅಡ್ಡಗೋಡೆ, ಅಡ್ಡಗಟ್ಟು, ಅಡ್ಡದಾರಿ ಅಂತ ಅದೂ ತನ್ನದೇ ಸಂಸಾರ ಬೆಳೆಸಿದೆ. ಮೊದಲ ದಿನ ನಾನು ನಿಘಂಟಿನಲ್ಲಿ ಆರಿಸಿಕೊಂಡ ಅಡ್ಡಪಟ್ಟಿಯಲ್ಲಿ ಅಡ್ಡ ಸರಿಯಿತ್ತು. ತಪ್ಪಿದ್ದು ಪಟ್ಟಿ.

ಈಗ ಯಾವ ಅನುವಾದ ಮಾಡಿದರೂ ಅದನ್ನು ಸಂಬಂಧಪಟ್ಟವರಿಗೆ ಗಟ್ಟಿಯಾಗಿ ಓದಿ ಹೇಳದೆ ಕೊಡುವುದಿಲ್ಲ. ಕೆಲವರಿಗೆ ಅವಸರ ಇರುತ್ತದೆ. ಕೂರಿಸುತ್ತೇನೆ.

ಹೋದ ತಿಂಗಳು ಒಂದಿಷ್ಟು ಮೀನುಗಾರರು ಬಂದಿದ್ದರು. ಅಳಿವೆಯಲ್ಲಿ ಹೂಳು ತುಂಬಿದೆ, ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಬಂದ್ ಮುಗಿದು ದೋಣಿ ಇಳಿಸಿದರೆ ದಾರಿಯೇ ಇಲ್ಲ, ಹೂಳು ತೆಗೆಸಿಕೊಡಿ ಅಂತ ಅರ್ಜಿ. ಕನ್ನಡದ್ದು ಆಗಿತ್ತು. ಮೇಲಿನವರಿಗೆ ಇಂಗ್ಲಿಷಿನಲ್ಲಿ ಒಂದು ಪ್ರತಿ ಬೇಕು ಅಂದರು. ಈ ಸಲ ಕನ್ನಡದಿಂದ ಇಂಗ್ಲಿಷಿಗೆ. ನಾನು ನಿಘಂಟು ಮುಟ್ಟಲಿಲ್ಲ. ಎ ಬಾರ್ ಹ್ಯಾಸ್ ಫಾರ್ಮ್ಡ್ ಅಟ್ ದಿ ರಿವರ್ ಮೌತ್ ಅಂತ ಬರೆದೆ. ಓದಿ, ಒಂದೊಂದೇ ಸಾಲು ಬಿಡಿಸಿ ಹೇಳಿದೆ.

ಒಬ್ಬ ಹುಡುಗ ನಡುವೆ ಬಾಯಿ ಹಾಕಿದ. "ಅಕ್ಕಾ, ಬಾರ್ ಅಂತ ಬೇಡ. ನದಿ ಹತ್ರ ಬಾರ್ ಆಗಿದೆ, ಇವ್ರು ಅದಕ್ಕೇ ಬಂದಿದಾರೆ ಅಂತ ತಿಳ್ಕೊಂಡ್ರೆ?"

ನನಗೆ ಅದು ಸರಿಯಾದ ಮಾತು ಅನ್ನಿಸಿತು. ಓದುವವರು ಯಾರೋ, ಎಲ್ಲಿಯವರೋ. ಅವರು ಅಳಿವೆ ನೋಡಿರಬೇಕೆಂದಿಲ್ಲ. ಬಾರಿಗೆ ಮೊದಲು ಸ್ಯಾಂಡ್ ಅಂತ ಸೇರಿಸಿದೆ. ಆಮೇಲೆ ಒಂದು ಹಾಳೆಯ ಮೇಲೆ ನದಿ ಬರೆದು, ಅದರ ಬಾಯಿಗೆ ಪೆನ್ಸಿಲಿನಲ್ಲಿ ಅಡ್ಡ ಗೆರೆ ಎಳೆದು, ಬಾರ್ ಅಂದರೆ ಇದು ಅಂತ ತೋರಿಸಿದೆ. ಹಾಳೆ ಕೈಯಿಂದ ಕೈಗೆ ಹೋಯಿತು. ಎಲ್ಲರಿಗಿಂತ ಹಿರಿಯರು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಗೆರೆ ಇಲ್ಲಿಗೆ ಮುಗಿಯೂದಿಲ್ಲ. ತೆಂಕ ಬದಿಗೆ ಇನ್ನೂ ಸ್ವಲ್ಪ ಉಂಟು" ಅಂದರು. ಪೆನ್ಸಿಲ್ ಅವರ ಕೈಗೇ ಕೊಟ್ಟೆ. ಗೆರೆ ಉದ್ದ ಮಾಡಿದರು. ಆ ಚಿತ್ರವನ್ನೂ ಅರ್ಜಿಯ ಜೊತೆ ಪಿನ್ ಮಾಡಿದೆವು.

ಒಬ್ಬೊಬ್ಬರಾಗಿ ಸಹಿ ಹಾಕಿದರು. ಕೆಲವರದು ಹೆಬ್ಬೆಟ್ಟು. ಕೊನೆಯವರು ಸಹಿ ಮಾಡುವ ಹೊತ್ತಿಗೆ ಆ ಹಿರಿಯರು ಹೊರಗೆ ಹೋಗಿ ಆಕಾಶ ನೋಡಿ ಬಂದರು. ಉಬ್ಬರ ತುಂಬುವುದರೊಳಗೆ ಮುಟ್ಟಬೇಕು ಅಂತ ಎಲ್ಲರನ್ನೂ ಎಬ್ಬಿಸಿಕೊಂಡು ಹೊರಟರು.